ಅವರ ಮಾತು ಅವರ ಬಾಯಲ್ಲಿ

2025ರ ಜೂನ್ ತಿಂಗಳಲ್ಲಿ ತೆರೆಕಂಡ 'ಸಿತಾರೆ ಜಮೀನ್ ಪರ್' ಹಿಂದಿ ಚಿತ್ರವನ್ನು ನಮ್ಮಲ್ಲಿ ಅನೇಕರು ಮನೆಮಂದಿಯೊಡನೆ ನೋಡಿ, ಕಣ್ಣೊರೆಸಿಕೊಂಡು ಬಂದಿದ್ದೇವೆ. ಕಣ್ಣೀರು ಆರಿದ ಮೇಲೆ ನಾಲ್ಕು ಮಾತು ಆಡುವುದು ಉಚಿತ.

ಸ್ಪೇನಿನ 'ಕಾಂಪಿಯೋನೆಸ್' (2018) ಚಿತ್ರವನ್ನು ಆಧರಿಸಿ ಆರ್. ಎಸ್. ಪ್ರಸನ್ನ ನಿರ್ದೇಶಿಸಿದ ಚಿತ್ರವಿದು. ಕುಡಿದು ಕಾರು ಓಡಿಸಿದ ಬಾಸ್ಕೆಟ್‌ಬಾಲ್ ತರಬೇತುದಾರ ಗುಲ್ಶನ್‌ಗೆ (ಆಮಿರ್ ಖಾನ್) ನ್ಯಾಯಾಲಯ ಒಂದು ಶಿಕ್ಷೆ ವಿಧಿಸುತ್ತದೆ: ಬೌದ್ಧಿಕ ವೈಕಲ್ಯವುಳ್ಳವರ ತಂಡಕ್ಕೆ ಆಟ ಕಲಿಸಬೇಕು. ಕಲಿಸಲು ಹೋದವನೇ ಕಲಿತು ಬರುತ್ತಾನೆ.

ಚಿತ್ರದ ದೊಡ್ಡ ಗೆಲುವು ಅದರ ಪಾತ್ರವರ್ಗ. 2003ರ 'ಕೋಯಿ ಮಿಲ್ ಗಯಾ'ದಲ್ಲಿ ಹೃತಿಕ್ ರೋಷನ್, 2012ರ 'ಬರ್ಫಿ'ಯಲ್ಲಿ ಪ್ರಿಯಾಂಕಾ ಚೋಪ್ರಾ ಇಂಥವರನ್ನು ಅಭಿನಯಿಸಿ ತೋರಿಸಿದ್ದರು. ಮೊದಲನೆಯದರಲ್ಲಂತೂ ಅನ್ಯಗ್ರಹದ ಜೀವಿಯಿಂದ ಬುದ್ಧಿ ಚುರುಕಾದ ಮೇಲೆಯೇ ನಾಯಕನಿಗೆ ಬೆಲೆ. ಇಲ್ಲಿ ಹತ್ತು ಮಂದಿ ತಾವೇ ಪರದೆಯ ಮೇಲೆ ಬಂದಿದ್ದಾರೆ. ನೀರಿಗೆ ಹೆದರುವ ಗುಡ್ಡುವಾಗಿ, ಡೌನ್ ಸಿಂಡ್ರೋಮ್ ಇರುವ ಗೋಪಿಕೃಷ್ಣನ್ ವರ್ಮ ಮನಸ್ಸಿನಲ್ಲಿ ಉಳಿಯುತ್ತಾರೆ. ಅವರು 2021ರ ಮಲಯಾಳಂ ಚಿತ್ರ 'ತಿರಿಕೆ'ಯಲ್ಲಿಯೂ ನಟಿಸಿದವರು. ಇಲ್ಲಿ ಯಾರೂ 'ಗುಣ'ವಾಗುವುದಿಲ್ಲ. ಆಗಬೇಕೆಂದು ಚಿತ್ರ ಬಯಸುವುದೂ ಇಲ್ಲ.

ಆದರೂ ಕಥೆ ಯಾರದು? ಗುಲ್ಶನ್‌ನ ಮುರಿಯುತ್ತಿರುವ ಸಂಸಾರ, ಅವನ ತಾಯಿ, ಕುಳ್ಳನೆಂಬ ಅವನ ಕೊರಗು, ಇವಕ್ಕೆ ದೊರೆತಷ್ಟು ಜಾಗ ಆ ಹತ್ತು ಮಂದಿಗೆ ದೊರೆತಿಲ್ಲ. ಅವರ ದುಡಿಮೆಯ, ಪ್ರೀತಿಯ ಸುಳಿವು ಸಿಗುತ್ತದೆ, ಅಷ್ಟೆ. ಅವನನ್ನು ತಿದ್ದುವುದೇ ಅವರ ಕೆಲಸವೆಂಬಂತಾಗಿದೆ.

ಇದು ಸಿನಿಮಾದವರೊಬ್ಬರ ತಪ್ಪಲ್ಲ. ಇವರ ಪರವಾಗಿ ಮಾತನಾಡುವುದೆಂದರೆ ಇವರ ಬದಲಿಗೆ ಮಾತನಾಡುವುದೆಂದೇ ನಾವೂ ತಿಳಿದಿದ್ದೇವೆ. 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹಾಗೆ ತಿಳಿದಿಲ್ಲ. ಕಾನೂನಿನ ಮುಂದೆ ಇವರೂ ಇತರರಿಗೆ ಸಮಾನರೆಂದು ಅದು ಹೇಳುತ್ತದೆ. ಅದರಡಿ ನೇಮಕವಾದ ಸೀಮಿತ ಪಾಲಕನೂ ಇವರೊಡನೆ ಸಮಾಲೋಚಿಸಿಯೇ ನಿರ್ಧರಿಸಬೇಕು.

ಊರು ಬಿಟ್ಟು ಬಂದ ನಮಗೆ ಅಜ್ಜಿ, ಚಿಕ್ಕಮ್ಮಂದಿರ ಆಸರೆ ದೂರ. ಇಂಥ ಮಗನೋ ಮಗಳೋ ಇರುವ ಮನೆಯವರು ಸಂಘದ ಸಮಾರಂಭಕ್ಕೆ ಬಂದರೂ ಬಾಗಿಲ ಬಳಿ ಕೂತು, ಮಗು ಸ್ವಲ್ಪ ಸದ್ದು ಮಾಡಿದೊಡನೆ ಎದ್ದು ಹೋಗುತ್ತಾರೆ. ಚಿತ್ರಕ್ಕೆ ಚಪ್ಪಾಳೆ ತಟ್ಟಿದ ಕೈಗಳು ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಲಿ. ಬರುವ ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚುವಾಗ, "ನಿನಗೆ ಯಾವ ಪಾತ್ರ ಬೇಕಪ್ಪಾ?" ಎಂದು ತಂದೆಯನ್ನಲ್ಲ, ಆ ಹುಡುಗನನ್ನೇ ಕೇಳೋಣ. ಉತ್ತರ ತಡವಾದೀತು. ಕಾಯೋಣ.