ಮಾರಿ ಅಗಲಾದ ಕಿಟಕಿ

ಗುರುತಿನ ಚೀಟಿಗೋ ಪ್ರವೇಶಪತ್ರಕ್ಕೋ ಶರಣಸಿರಸಗಿ ಹಳ್ಳಿಯವರು ಪಕ್ಕದ ಕಲಬುರಗಿಗೆ ಬಂದರೆ ವೆಬ್‌ಕ್ಯಾಮೆರಾದ ಮುಂದಿನ ಕುರ್ಚಿ ತಪ್ಪದು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಮುಖ ನೆಟ್ಟಗೇ ಇರುತ್ತದೆ. ಚೆನ್ನಾಗಿ ಕಾಣಲೆಂದು ಆಪರೇಟರ್ ಕಿಟಕಿ ಹಿಗ್ಗಿಸಿದನೋ, ಕೂತವರು ಹೌಹಾರುತ್ತಾರೆ: "ನನ್ನ ಮಾರಿ ಇಷ್ಟಗಲ ಅದ ಏನ್ರಿ?"

ಮಾರಿಯದೇನೂ ತಪ್ಪಿಲ್ಲ. ಕ್ಯಾಮೆರಾ ಕೊಡುತ್ತಿರುವುದು 640×480ರ ಚಿತ್ರ. ಕಿಟಕಿ 1280×720 ಆಯಿತೆನ್ನಿ. ಅಗಲ ಎರಡು ಪಟ್ಟು, ಎತ್ತರ ಒಂದೂವರೆ ಪಟ್ಟು. ಇರಬೇಕಾದುದಕ್ಕಿಂತ ಮುಖ ಮೂರನೇ ಒಂದರಷ್ಟು ಅಗಲ. ಎರಡರಲ್ಲಿ ಚಿಕ್ಕ ಪಟ್ಟನ್ನೇ ಹಿಡಿದು ಚಿತ್ರವನ್ನು 960×720ಕ್ಕೆ ನಿಲ್ಲಿಸಿ, ಎಡಕ್ಕೂ ಬಲಕ್ಕೂ 160 ಪಿಕ್ಸೆಲ್ ಕಪ್ಪು ಪಟ್ಟಿ ಬಿಟ್ಟರೆ ಮುಗಿಯಿತು. ಇಷ್ಟು ಸಣ್ಣ ಭಾಗಾಕಾರವನ್ನೂ ಎಷ್ಟೋ ತಂತ್ರಾಂಶಗಳು ಮಾಡುವುದಿಲ್ಲ.

ಪಟ್ಟಿ ಕಂಡರೆ ಏನೋ ಕೆಟ್ಟಿದೆ ಅನ್ನಿಸುವುದೇ ಇದಕ್ಕೆ ಕಾರಣ. ಈ ಭಾಗಕ್ಕೆ ಆ ಕಸಿವಿಸಿ ಹೊಸದಲ್ಲ. 1975–76ರ ಸೈಟ್ ಉಪಗ್ರಹ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಟಿವಿ ಕಂಡವು. 1977ರಲ್ಲಿ ಕಲಬುರಗಿಯಲ್ಲೇ ದೂರದರ್ಶನದ ಪ್ರಸಾರ ಶುರುವಾಯಿತು. ಆಗಿನ ಚಿತ್ರ 4ಕ್ಕೆ 3. ಮುಂದೆ 16ಕ್ಕೆ 9ರ ಟಿವಿ ಮನೆಗೆ ಬಂದಾಗ, ಕೊಟ್ಟ ದುಡ್ಡಿಗೆ ಪರದೆ ತುಂಬಲಿ ಎಂದು ಹಳೆಯ ಸಿನಿಮಾಗಳನ್ನು ಎಳೆದೇ ನೋಡಿದೆವು. ರಾಜಕುಮಾರ್ ಕೂಡ ಗುಂಡಗಾದರು!

ಮನರಂಜನೆಯಲ್ಲಿ ಅದು ನಡೆದೀತು, ಗುರುತಿನ ಫೋಟೊದಲ್ಲಿ ನಡೆಯದು. ಆದರೂ ತಂತ್ರಾಂಶ ಕಟ್ಟುವ ಸಲಕರಣೆಗಳೇ ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. ವಿಂಡೋಸ್ ಫಾರ್ಮ್ಸ್‌ನ ಪಿಕ್ಚರ್‌ಬಾಕ್ಸ್‌ನಲ್ಲಿ 'ಸ್ಟ್ರೆಚ್ ಇಮೇಜ್' ಮತ್ತು 'ಝೂಮ್' ಒಂದೇ ಪಟ್ಟಿಯಲ್ಲಿವೆ. ಅನುಪಾತ ಉಳಿಸುವುದು ಎರಡನೆಯದು, ಅವಸರದಲ್ಲಿ ಕೈಹೋಗುವುದು ಮೊದಲನೆಯದಕ್ಕೆ. ಅಂಥದೇ ಇನ್ನೊಂದು ಸಲಕರಣೆ ಕ್ಯೂಟಿಯ ಲೇಬಲ್ಲಿನದು ಬೇರೆ ಚೇಷ್ಟೆ. ಅದಕ್ಕೆ ಚಿತ್ರ ಹಾಕಿದರೆ ಆ ಚಿತ್ರದ ಅಳತೆಯನ್ನೇ ತನ್ನ ಕನಿಷ್ಠ ಅಳತೆ ಎಂದು ಹೇಳಿಕೊಳ್ಳುತ್ತದೆ. ಹಾಗಾಗಿ ಕಿಟಕಿ ಹಿಗ್ಗುತ್ತದೆ, ಕುಗ್ಗಲು ಒಲ್ಲೆ ಎನ್ನುತ್ತದೆ. ಲೇಬಲ್ಲಿನ ಗಾತ್ರ ನೀತಿಯನ್ನು 'ಇಗ್ನೋರ್ಡ್' ಎಂದು ಬದಲಿಸಿದರೆ ಹಟ ಬಿಡುತ್ತದೆ. ವಿಡಿಯೋ ದಾಖಲಿಸುವ ತಂತ್ರಾಂಶ ಓಬಿಎಸ್ ಸ್ಟುಡಿಯೋ ಈ ವಿಷಯದಲ್ಲಿ ಮೆಚ್ಚುವಂತಿದೆ: ಕಿಟಕಿ ಎಷ್ಟೇ ಎಳೆದಾಡಿದರೂ ಮುನ್ನೋಟದ ಅನುಪಾತ ಕದಲದು. ಹಿಗ್ಗಿಸಲೇಬೇಕೆಂದರೆ ಬಳಸುವವರೇ ಬೇರೆ ಆಜ್ಞೆ ಕೊಡಬೇಕು.

ಕಿಟಕಿಯ ಅಂಚು ಸರಿದಾಗಲೆಲ್ಲ ಕ್ಯಾಮೆರಾವನ್ನು ನಿಲ್ಲಿಸಿ ಹೊಸ ಅಳತೆ ಕೇಳುವ ತಂತ್ರಾಂಶಗಳೂ ಇವೆ. ಇದು ಶುದ್ಧ ದಡ್ಡತನ. ವೆಬ್‌ಕ್ಯಾಮೆರಾಕ್ಕೆ ಗೊತ್ತಿರುವುದು ಕೆಲವೇ ಸಿದ್ಧ ಅಳತೆಗಳು. ದೊಡ್ಡ ಅಳತೆ ಕೇಳಿದರೂ ತಂತಿಯಲ್ಲಿ ಜಾಗ ಸಾಲದು: ಸಂಕುಚಿತಗೊಳಿಸದ 1280×720 ಚಿತ್ರ ಸೆಕೆಂಡಿಗೆ 30ರಂತೆ ಬಂದರೆ ಸುಮಾರು 440 ಮೆಗಾಬಿಟ್, ಯುಎಸ್‌ಬಿ 2.0ರ ಗರಿಷ್ಠ ವೇಗವೇ 480, ಅದೂ ಕಾಗದದ ಮೇಲೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು, ಬಂದ ಚಿತ್ರವನ್ನು ಗ್ರಾಫಿಕ್ಸ್ ಚಿಪ್ಪಿನಲ್ಲಿ ಹಿಗ್ಗಿಸಿ ಕುಗ್ಗಿಸುವುದೇ ಸರಿ.

ಎಲ್ಲಕ್ಕಿಂತ ಕೆಟ್ಟದ್ದು, ಪಟ್ಟಿ ಬಾರದಂತೆ ಚಿತ್ರದ ಅಂಚು ಕತ್ತರಿಸಿ ಕಿಟಕಿ ತುಂಬುವ ಮುನ್ನೋಟ. ಮುಖ ಸಹಜವಾಗಿ ಕಾಣುವುದರಿಂದ ಯಾರೂ ದೂರುವುದಿಲ್ಲ. ಆದರೆ ಉಳಿಯುವ ಕಡತ ಪೂರ್ತಿ ಚಿತ್ರದ್ದಾದರೆ, ಪರದೆಯಲ್ಲಿ ಕಾಣದಿದ್ದ ಪಕ್ಕದವನ ಮೊಣಕೈ ಫೋಟೊದಲ್ಲಿ ಹಾಜರು. ಆಧಾರ್ ನೋಂದಣಿಯಲ್ಲಿ ಅರ್ಜಿದಾರರೂ ನೋಡಲೆಂದು ಎರಡನೆಯ ಪರದೆ ಇಡುತ್ತಾರೆ. ಕಂಡದ್ದೇ ಕಡತಕ್ಕೆ ಹೋಗದಿದ್ದರೆ ಅಂಥ ಪರದೆ ಎಷ್ಟಿದ್ದರೇನು?

ಕೌಂಟರಿಗೆ ಹೊಸ ತಂತ್ರಾಂಶ ಕೊಳ್ಳುವವರು ಕ್ಯಾಮೆರಾದ ಮುಂದೆ ಒಂದು ಜೋಳದ ರೊಟ್ಟಿ ನೇರವಾಗಿ ಹಿಡಿದು ಕಿಟಕಿಯನ್ನು ಅಡ್ಡಡ್ಡ ಎಳೆಯಲಿ. ರೊಟ್ಟಿ ದುಂಡಗೆ ಉಳಿದರೆ ಮಾತ್ರ ದುಡ್ಡು ಕೊಡಲಿ.