ಧಾರಾವಾಹಿಯಲ್ಲಿ ಬಾಲಪಾತ್ರ: ಆನಂದಿ ಮತ್ತು ಪುಟ್ಟಗೌರಿ

ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಬಾಲಪಾತ್ರಗಳು ವಿರಳವಲ್ಲ. ರಾಘವಾಂಕನ ಲೋಹಿತಾಶ್ವನನ್ನೂ ಪುರಾಣಪ್ರಸಿದ್ಧರಾದ ಧ್ರುವ ಪ್ರಹ್ಲಾದರನ್ನೂ ಅರಿಯದ ವಾಚಕರಿಲ್ಲ. ಆದರೆ ಈ ಬಾಲಕರು ನಮ್ಮ ಕಣ್ಣೆದುರಿಗೆ ಬೆಳೆಯತಕ್ಕವರಲ್ಲ. ಲೋಹಿತಾಶ್ವನು ಹಾವು ಕಚ್ಚಿ ಮಡಿದಾಗಲೂ ಮರಳಿ ಎದ್ದಾಗಲೂ ಬಾಲಕನೇ. ಕರುಣರಸಕ್ಕೆ ಅಷ್ಟೇ ಸಾಕು. ವರ್ಷಗಟ್ಟಲೆ ದಿನದಿನವೂ ನಡೆಯುವ ಟೆಲಿವಿಷನ್ ಧಾರಾವಾಹಿಯಲ್ಲಿಯಾದರೋ ಈ ಸೌಕರ್ಯವಿಲ್ಲ. ಅಲ್ಲಿ ಹಿರಿಯರ ಪಾತ್ರಗಳು ಹಲವು ವರ್ಷ ಒಂದೇ ರೂಪದಲ್ಲಿ ನಿಲ್ಲಬಲ್ಲುವು. ಮಗುವಿನ ಪಾತ್ರ ನಿಲ್ಲಲಾರದು. ಬೆಳೆಯುವ ಮಗುವನ್ನು ಬೆಳೆಯದ ಕಥೆ ಹೇಗೆ ನಡೆಯಿಸಿಕೊಂಡಿತೆಂಬುದನ್ನು ಎರಡು ಕೃತಿಗಳ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ಹಿಂದಿಯ ‘ಬಾಲಿಕಾ ವಧು’. ಇದು 2008ನೆಯ ಇಸವಿ ಜುಲೈ 21ರಂದು ಕಲರ್ಸ್ ವಾಹಿನಿಯೊಡನೆಯೇ ಆರಂಭವಾಗಿ 2016ರ ಜುಲೈವರೆಗೆ 2000ಕ್ಕೂ ಮೇಲ್ಪಟ್ಟ ಕಂತುಗಳಲ್ಲಿ ನಡೆಯಿತು. ಕಥೆಯ ನೆಲೆ ರಾಜಸ್ಥಾನದ ಜೈತಸರ. ಎಂಟು ವರ್ಷದ ಆನಂದಿಯು ಜಗದೀಶನೆಂಬ ಹುಡುಗನನ್ನು ಮದುವೆಯಾಗಿ, ಕಲ್ಯಾಣಿದೇವಿಯೆಂಬ ಅಜ್ಜಿಯ ಆಳ್ವಿಕೆಯ ಮನೆಗೆ ಸೊಸೆಯಾಗಿ ಬರುತ್ತಾಳೆ. ಆನಂದಿಯಾಗಿ ನಟಿಸಿದವಳು ಆಗ ಹನ್ನೊಂದು ವರ್ಷದ ಅವಿಕಾ ಗೋರ್. ಅಜ್ಜಿಯಾಗಿ ಸುರೇಖಾ ಸೀಕ್ರಿ. ಎರಡನೆಯದು ಇದರ ಕನ್ನಡ ರೂಪಾಂತರವಾದ ‘ಪುಟ್ಟಗೌರಿ ಮದುವೆ’. ಇದು 2012ರಲ್ಲಿ ಈಟಿವಿ ಕನ್ನಡದಲ್ಲಿ ತೊಡಗಿ, ಆ ವಾಹಿನಿಯು 2015ರಲ್ಲಿ ಕಲರ್ಸ್ ಕನ್ನಡವೆಂದು ಹೆಸರು ಬದಲಾಯಿಸಿಕೊಂಡ ಮೇಲೆಯೂ ಮುಂದುವರಿದು, 2018ರಲ್ಲಿ ಮುಗಿಯಿತು. ಬಾಲೆ ಗೌರಿಯಾಗಿ ಸಾನ್ಯಾ ಅಯ್ಯರ್ ನಟಿಸಿದಳು.

ಬಾಲ್ಯವಿವಾಹವನ್ನು ಕುರಿತ ನಮ್ಮ ಶಾಸನಗಳ ಚರಿತ್ರೆಯು ಬಹುಮಟ್ಟಿಗೆ ವರ್ಷಗಳ ಎಣಿಕೆಯ ಚರಿತ್ರೆ. ಮೈಸೂರು ಸಂಸ್ಥಾನದ 1894ರ ಶಾಸನವು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. ಅಜಮೇರದ ಹರವಿಲಾಸ ಸಾರಡಾ ಅವರ ಯತ್ನದಿಂದ ಬಂದ 1929ರ ಶಾಸನವು ಆ ಮಿತಿಯನ್ನು 14ಕ್ಕೆ ಏರಿಸಿತು. 1978ರ ತಿದ್ದುಪಡಿಯು 18ಕ್ಕೆ. ಈ ಎಣಿಕೆಗೆ ಅರ್ಥವಿದೆ. ಬಾಲ್ಯವಿವಾಹವು ಹುಡುಗಿಯಿಂದ ಕಿತ್ತುಕೊಳ್ಳುವ ಮುಖ್ಯ ವಸ್ತು ಎಂಟರಿಂದ ಹದಿನೆಂಟರವರೆಗಿನ ಹತ್ತು ವರ್ಷಗಳು. ಆದುದರಿಂದ ಈ ವಸ್ತುವನ್ನು ಕೈಗೆತ್ತಿಕೊಂಡ ಕೃತಿಯು ಆ ವರ್ಷಗಳ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ.

‘ಬಾಲಿಕಾ ವಧು’ವಿನ ಪೂರ್ವಭಾಗವು ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸುತ್ತದೆಯೆಂದು ಹೇಳಲು ಸಂಕೋಚವಿಲ್ಲ. ಮದುವೆಯನ್ನು ಹೊಸ ಬಟ್ಟೆ ಒಡವೆಗಳ ಹಬ್ಬವೆಂದು ಬಗೆದ ಹುಡುಗಿಗೆ ಅದು ಹಬ್ಬವಲ್ಲವೆಂಬುದು ಒಮ್ಮೆಗೇ ತಿಳಿಯುವುದಿಲ್ಲ. ಒಂದೊಂದೇ ಸಣ್ಣ ನಿಷೇಧದಿಂದ ತಿಳಿಯುತ್ತ ಬರುತ್ತದೆ. ಶಾಲೆ ನಿಲ್ಲುತ್ತದೆ, ಆಟ ನಿಲ್ಲುತ್ತದೆ. ನಾದಿನಿ ಸುಗ್ನಾ ಎಳೆವಯಸ್ಸಿನಲ್ಲೇ ವಿಧವೆಯಾಗುತ್ತಾಳೆ. ಗಹನಾ ಎಂಬ ಹುಡುಗಿ ತನಗಿಂತ ಬಹಳ ಹಿರಿಯನಿಗೆ ಎರಡನೆಯ ಹೆಂಡತಿಯಾಗಿ ಆ ಮನೆಗೆ ಬರುತ್ತಾಳೆ. ಆನಂದಿಯ ಪಾತ್ರದ ಗುಣವೆಂದರೆ ಅವಳ ಪ್ರಶ್ನೆಗಳು. ಅವಳು ಪ್ರತಿಭಟಿಸುವುದಿಲ್ಲ, ‘ಏಕೆ’ ಎಂದು ಕೇಳುತ್ತಾಳೆ. ಹಿರಿಯರಲ್ಲಿ ಉತ್ತರವಿಲ್ಲದಿರುವುದೇ ಪ್ರೇಕ್ಷಕನಿಗೆ ಉತ್ತರವಾಗುತ್ತದೆ. ಪ್ರತಿ ಕಂತಿನ ಕೊನೆಗೆ ತೋರುತ್ತಿದ್ದ ನೀತಿವಾಕ್ಯಕ್ಕಿಂತ ಈ ಮೌನವು ಹೆಚ್ಚು ಬೋಧಕವಾದುದು.

ಧಾರಾವಾಹಿಯು ದೀರ್ಘವಾಗಿರುವುದು ಇಲ್ಲಿ ದೋಷವಾಗದೆ ಗುಣವೇ ಆಗಿದ್ದಿತು. ದಿನದಿನವೂ ಸ್ವಲ್ಪಸ್ವಲ್ಪವೇ ಕಳೆಯುವ ಬಾಲ್ಯವನ್ನು ತೋರಿಸಲು ದಿನದಿನವೂ ನಡೆಯುವ ಕಥನಕ್ಕಿಂತ ತಕ್ಕ ಮಾಧ್ಯಮ ಯಾವುದು? ಆದರೆ 2010ರಲ್ಲಿ ಕಥೆಯು ಕೆಲವು ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಿತು. ಅವಿಕಾಳ ಸ್ಥಾನಕ್ಕೆ ತರುಣಿಯಾದ ಪ್ರತ್ಯೂಷಾ ಬ್ಯಾನರ್ಜಿ ಬಂದಳು. ಯಾವ ವರ್ಷಗಳ ಅಪಹರಣವನ್ನು ತೋರಿಸಲು ಕೃತಿಯು ಹೊರಟಿದ್ದಿತೋ ಆ ವರ್ಷಗಳೇ ಕೃತಿಯಿಂದಲೂ ಅಪಹೃತವಾದುವು. ಆಟದ ಹುಡುಗಿಯು ಗೃಹಿಣಿಯಾಗಿ ಪರಿಣಮಿಸಿದುದು ಹೇಗೆಂಬುದನ್ನು ನಾವು ಕಾಣಲೇ ಇಲ್ಲ. ಇದನ್ನು ನಾನು ಈ ಕೃತಿಯ ಮುಖ್ಯವಾದ ಅನೌಚಿತ್ಯವೆಂದು ಎಣಿಸುತ್ತೇನೆ.

ಇದರ ಫಲವು ಮುಂದಿನ ಕಥೆಯಲ್ಲಿ ಸ್ಪಷ್ಟವಾಗಿದೆ. ವೈದ್ಯವಿದ್ಯೆಗಾಗಿ ಮುಂಬಯಿಗೆ ಹೋದ ಜಗದೀಶನು ಬೇರೊಬ್ಬಳನ್ನು ಮದುವೆಯಾಗುತ್ತಾನೆ. ಆ ದ್ರೋಹದಿಂದ ಸಂಬಂಧ ಮುರಿಯುತ್ತದೆ. 2006ರ ಬಾಲ್ಯವಿವಾಹ ನಿಷೇಧ ಶಾಸನವು, ಬಾಲ್ಯದಲ್ಲಿ ಮದುವೆಯಾದವರು ಪ್ರಾಪ್ತವಯಸ್ಕರಾದ ಮೇಲೆ ಎರಡು ವರ್ಷದೊಳಗೆ ತಾವೇ ಆ ವಿವಾಹವನ್ನು ರದ್ದುಮಾಡಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ‘ಈ ಮದುವೆ ನನ್ನ ಇಚ್ಛೆಯಿಂದ ಆದುದಲ್ಲ’ ಎಂದು ಹೇಳಲು ಆನಂದಿಗೆ ಅವಕಾಶವಿದ್ದಿತು. ಕಥೆಯು ಆ ಮಾತನ್ನು ಅವಳಿಂದ ಆಡಿಸದೆ ಗಂಡನ ತಪ್ಪನ್ನು ಮುಂದೆ ಮಾಡಿತು. ಬಾಲವಧುವಿನ ದುಃಖವು ಪರಿತ್ಯಕ್ತೆಯ ದುಃಖವಾಯಿತು; ಅಜ್ಜಿ, ತಂದೆತಾಯಿ, ಊರು ಇವರ ಹೊಣೆಯು ಒಬ್ಬ ತರುಣನ ಚಪಲಕ್ಕೆ ವರ್ಗವಾಯಿತು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ನಟಿಯೂ ಮಗುವಲ್ಲವೇ? ಅವಳನ್ನು ವರ್ಷಗಟ್ಟಲೆ ದುಡಿಸುವುದು ನ್ಯಾಯವೇ? ಆಕ್ಷೇಪಣೆಯು ಗೌರವಾರ್ಹವಾದುದು. 2017ರ ನಿಯಮಗಳು ಬಾಲನಟರ ಕೆಲಸವನ್ನು ದಿನಕ್ಕೆ 5 ಗಂಟೆಗೂ, ಎಡೆಬಿಡದೆ 27 ದಿನಗಳಿಗೂ ಮಿತಗೊಳಿಸಿವೆ, ಅದು ಸಾಧುವೇ. ಆದರೆ ನಟಿ ಬದಲಾಗುವುದಕ್ಕೆ ನಮ್ಮ ವಿರೋಧವಿಲ್ಲ. ಒಬ್ಬಳ ಬದಲು ಮೂವರು ಬಂದರೂ ಬರಲಿ. ನಡುವಿನ ವರ್ಷಗಳ ಕಥೆ ಉಳಿಯಬೇಕು.

ಅದು ಸಾಧ್ಯವೆಂಬುದಕ್ಕೆ ಕನ್ನಡದಲ್ಲೇ ನಿದರ್ಶನವಿದೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯು (1976) ಬಾಲ್ಯದಲ್ಲೇ ವಿಧವೆಯಾದ ಹುಡುಗಿಯೊಬ್ಬಳ ನೂರು ವರ್ಷಕ್ಕೂ ಮೀರಿದ ಬದುಕನ್ನು ಒಂದು ಸಣ್ಣ ಪುಸ್ತಕದಲ್ಲಿ ಅಡಗಿಸಿದೆ. ಅಷ್ಟು ಸಂಕ್ಷೇಪದಲ್ಲಿಯೂ, ತನಗೇನಾಯಿತೆಂಬುದನ್ನು ತಿಳಿಯದ ಮಗುವು ತಿಳಿಯುವ ಹೆಂಗಸಾಗುವ ದಾರಿಯನ್ನು ಲೇಖಕಿಯು ಹಾರಿಸಿಲ್ಲ. ಸಾವಿರಾರು ಕಂತುಗಳಿಗೆ ದೊರೆಯದ ಅವಕಾಶವು ಆ ಪುಸ್ತಕಕ್ಕೆ ದೊರೆತುದು ಆಶ್ಚರ್ಯವಲ್ಲ. ಅದಕ್ಕೆ ಒಂದು ಕೊನೆಯಿದ್ದಿತು.

‘ಪುಟ್ಟಗೌರಿ ಮದುವೆ’ಯಲ್ಲಿಯೂ ಬಾಲೆಯ ಸ್ಥಾನಕ್ಕೆ ತರುಣಿಯಾದ ರಂಜನಿ ರಾಘವನ್ ಬಂದಳು, ಅಜ್ಜಮ್ಮನ ಗದರಿಕೆಯ ನೆರಳಿನಲ್ಲಿದ್ದ ಮಗುವಿನ ಕಥೆಯು ಕ್ರಮೇಣ ಕಾಡು, ಹುಲಿ, ಹಾವುಗಳ ಸಾಹಸಕಥೆಯಾಗಿ ನಗೆಪಾಟಲಿಗೂ ಗುರಿಯಾಯಿತು. ಆದರೂ ಹೆಸರಿನೊಳಗಿನ ‘ಪುಟ್ಟ’ ಶಬ್ದವು ಕೊನೆಯವರೆಗೆ ಉಳಿಯಿತು. ‘ಬಾಲಿಕಾ’ ಶಬ್ದವೂ ಹಾಗೆಯೇ. ಬಾಲೆಯು ಕಥೆಯಿಂದ ಹೊರಟುಹೋದ ಮೇಲೂ ಶೀರ್ಷಿಕೆಗೆ ಅವಳು ಬೇಕಾಗಿದ್ದಳು.

2015ರಲ್ಲಿ ‘ಬಾಲಿಕಾ ವಧು’ ಇದನ್ನು ತಾನೇ ಒಪ್ಪಿಕೊಂಡಿತೆನ್ನಬಹುದು. ಆನಂದಿಯ ಮಗಳು ನಂದಿನಿಯು ಶೈಶವದಲ್ಲಿ ಅಪಹೃತಳಾಗಿ, ನಿಂಬೋಳಿ ಎಂಬ ಹೆಸರಿನಿಂದ ಬಾಲವಧುವಾಗಿಯೇ ಬೆಳೆಯುತ್ತಿದ್ದಾಳೆಂದು ಕಥೆಯನ್ನು ಹೊಸದಾಗಿ ಹೂಡಲಾಯಿತು. ತಾಯಿಯು ಅನುಭವಿಸಿದ ಅನ್ಯಾಯವು ಮಗಳಿಗೂ ತಪ್ಪಲಿಲ್ಲವೆಂಬುದು ಗಂಭೀರವಾದ ವಸ್ತುವೇ. ಆದರೆ ತಾಯಿಯ ಕಳೆದ ವರ್ಷಗಳನ್ನು ನಮಗೆ ತೋರಿಸಿದ್ದರೆ, ಮಗಳನ್ನು ಕಂಡೊಡನೆ ಅವಳ ಮುಂದೆ ಏನೇನು ಕಾದಿದೆಯೆಂದು ನಾವು ನಡುಗುತ್ತಿದ್ದೆವು. ತೋರಿಸದ ಕಾರಣ, ಮತ್ತೊಂದು ಮುದ್ದು ಮಗು ಬಂದಿತೆಂದು ಮಾತ್ರ ಕಂಡೆವು.