ಕವಿಮನೆಯ ಹಿತ್ತಲ ಬಾಗಿಲು

ತೀರ್ಥಹಳ್ಳಿಯಿಂದ ಕೊಪ್ಪದ ದಾರಿಯಲ್ಲಿ ಸಾಗಿದರೆ ಕುಪ್ಪಳಿ. ಗುಡ್ಡದ ಬುಡದಲ್ಲಿ, ಕಾಡಿಗೆ ಬೆನ್ನು ಕೊಟ್ಟು ನಿಂತ ಮೂರಂತಸ್ತಿನ ಹೆಂಚಿನ ಮನೆ ಕುವೆಂಪು ಬೆಳೆದ ಮನೆ. ಈಗ ಅದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ನೋಡಿಕೊಳ್ಳುತ್ತಿರುವ ವಸ್ತುಸಂಗ್ರಹಾಲಯ. ಮಲೆನಾಡಿನ ಹಳೇ ಮನೆ ಹೇಗಿತ್ತೆಂದು ಹೊರಗಿನವರು ತಿಳಿಯುವುದು ಹೆಚ್ಚಾಗಿ ಇಲ್ಲಿಂದಲೇ. ಹಾಗಾಗಿ ಈ ಮನೆ ಏನನ್ನು ತೋರಿಸುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂದು ಕೇಳಲೇಬೇಕು.

ಕಟ್ಟಡದ ಮಟ್ಟಿಗೆ ದೂರುವುದಕ್ಕೆ ಏನೂ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇದೇ ತಾಲ್ಲೂಕಿನದು. ಕಡಿದಾದ ಮಾಡು, ಗೋಡೆಯಿಂದಾಚೆ ಚಾಚಿದ ಸೂರು ಎಲ್ಲವೂ ಆ ಮಳೆಯ ಲೆಕ್ಕಾಚಾರವೇ. ನಡುವಿನ ಅಂಗಳದಲ್ಲಿ ತುಳಸಿಕಟ್ಟೆ, ಸುತ್ತ ಜಗಲಿ, ಜಗಲಿಯಂಚಿಗೆ ಕೆತ್ತನೆಯ ಮರದ ಕಂಬಗಳು. ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಮಳೆಗಾಲದಲ್ಲಿ ಮನೆಮಂದಿಗೆ ಬೆಳಕು ಗಾಳಿ ಒದಗಿಸುತ್ತಿದ್ದದ್ದು ಈ ಚೌಕವೇ. ತಲೆಯ ಮೇಲಿನ ಹೆಂಚು ಮಾತ್ರ ತೀರಾ ಹಳೆಯದಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಸರಕು ಅದು. ಹೊಸದನ್ನು ಒಗ್ಗಿಸಿಕೊಳ್ಳುತ್ತಲೇ ಬಂದ ಮನೆಯಿದು.

ಪಕ್ಕದ ಸಾಗರ, ಹೊಸನಗರದ ಕಡೆ 1964ರ ಲಿಂಗನಮಕ್ಕಿ ಅಣೆಕಟ್ಟೆ ಊರೂರನ್ನೇ ಮುಳುಗಿಸಿತು. ಅದನ್ನು ನೆನೆದರೆ, ಇದ್ದ ಜಾಗದಲ್ಲೇ ಉಳಿದ ಒಂದು ಮನೆಯ ಬೆಲೆ ಇನ್ನಷ್ಟು ತಿಳಿಯುತ್ತದೆ.

ತಕರಾರು ಇರುವುದು ಪ್ರದರ್ಶನದ ಬಗ್ಗೆ. ಅಡುಗೆಮನೆಯ ಪಾತ್ರೆಪಡಗ, ಬೇಸಾಯದ ಸಾಮಾನು ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಆದರೆ ಕವಿಯ ಬಟ್ಟೆ, ಪುಸ್ತಕ, ಪ್ರಶಸ್ತಿ, ಮದುವೆಯ ಮಂಟಪದ ಮುಂದೆ ಅವು ಹಿನ್ನೆಲೆಗೆ ಸರಿಯುತ್ತವೆ. 2015ರ ನವೆಂಬರಿನಲ್ಲಿ ಇಲ್ಲಿ ಕಳ್ಳತನವಾದಾಗ ಸುದ್ದಿಯಾದದ್ದು ಕಳುವಾದ ಪದಕಗಳು. ಅದು ಸಹಜವೇ. ಆದರೆ ಭತ್ತ ಕುಟ್ಟಿದವರು, ಅಡಿಕೆ ಕೊನೆ ಇಳಿಸಿದವರು, ದನ ಕಾದವರು ಇಲ್ಲದೆ ಇಷ್ಟು ದೊಡ್ಡ ಸಂಸಾರ ಒಂದು ದಿನವೂ ನಡೆಯುತ್ತಿರಲಿಲ್ಲ. ಅವರ ಕಥೆ ಇಲ್ಲಿ ತೀರಾ ತೆಳು.

ವಿಚಿತ್ರವೆಂದರೆ ಕುವೆಂಪು ಹಾಗೆ ಮಾಡಲಿಲ್ಲ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಹೆಗ್ಗಡೆಯ ಚಾವಡಿಯಿಂದ ಶುರುವಾಗುವುದಿಲ್ಲ. ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ ಶುರುವಾಗುತ್ತದೆ. ಕಾದಂಬರಿಕಾರನಿಗಿದ್ದ ಈ ಕಣ್ಣು ಅವನದೇ ಮನೆಯ ಪ್ರದರ್ಶನಕ್ಕೆ ಇನ್ನೂ ಪೂರ್ತಿ ದಕ್ಕಿಲ್ಲ.

ಬ್ರಿಟನ್ನಿನ ಜಮೀನ್ದಾರಿ ಬಂಗಲೆಗಳೂ ಇದೇ ಪ್ರಶ್ನೆಯನ್ನು ಎದುರಿಸಿವೆ. ಇಂಗ್ಲೆಂಡಿನ ಗಡಿಗೆ ಹತ್ತಿರವಿರುವ, ವೇಲ್ಸ್‌ನ ಎರ್ಡಿಗ್ ಬಂಗಲೆಯನ್ನು 1973ರಲ್ಲಿ ನ್ಯಾಷನಲ್ ಟ್ರಸ್ಟ್ ವಹಿಸಿಕೊಂಡು, ದುರಸ್ತಿ ಮಾಡಿ, 1977ರಲ್ಲಿ ಜನರಿಗೆ ತೆರೆಯಿತು. ಮುಂಬಾಗಿಲಿನ ಬದಲು ಬಡಗಿಯ ಕೊಟ್ಟಿಗೆ, ಕಮ್ಮಾರಸಾಲೆ, ಲಾಯ, ಬಟ್ಟೆ ಒಗೆಯುವ ಕೋಣೆ, ಅಡುಗೆಮನೆ ಹಾದು ಒಡೆಯರ ಕೋಣೆಗಳಿಗೆ ಹೋಗುವಂತೆ ಅಲ್ಲಿ ದಾರಿ ಮಾಡಿದರು. ಒಡೆಯರೇ ತಲೆಮಾರುಗಳ ಕಾಲ ಬರೆಸಿಟ್ಟಿದ್ದ ಆಳುಗಳ ಚಿತ್ರಗಳೂ ಗೋಡೆಯ ಮೇಲಿವೆ.

ಕುಪ್ಪಳಿಯಲ್ಲಿ ಅಂಥ ಚಿತ್ರಗಳಿರಲಾರವು, ಕಾದಂಬರಿಗಳಿವೆಯಲ್ಲ. ಹಿತ್ತಲು, ಬಚ್ಚಲು, ಅಡುಗೆಮನೆ ಬಳಸಿ ಜಗಲಿಗೆ ಬರುವಂತೆ ದಾರಿ ತಿರುಗಿಸಬಹುದು. ಒನಕೆಯ ಪಕ್ಕ ‘ಒನಕೆ’ ಎಂದಷ್ಟೇ ಬರೆಯುವ ಬದಲು ಅದನ್ನು ಯಾರು ಹಿಡಿಯುತ್ತಿದ್ದರು, ಕೂಲಿಯಾಗಿ ಏನು ಸಿಗುತ್ತಿತ್ತು, ಅವರಿಗೆ ಮನೆಯೊಳಗೆ ಎಲ್ಲಿಯವರೆಗೆ ಪ್ರವೇಶವಿತ್ತು ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಬಹುದು. ಇದಕ್ಕೆ ಹೊಸ ಕಟ್ಟಡ ಬೇಡ. ಸುತ್ತಲಿನ ಊರುಗಳ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವವರು ಬೇಕು.